ನಕ್ಷೆಯೊಳಗೆ ಎರಡು ಎಕರೆ

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಅಂಗಡಿಯೊಂದರ ಫ್ಯಾಕ್ಸ್ ಮೆಷಿನ್ನು ಅವತ್ತು ಬೆಳಗ್ಗೆ ಒಂದು ಕಾಗದದ ಅಂಚನ್ನು ಎರಡು ಬೆರಳಗಲ ನುಂಗಿಬಿಟ್ಟಿತು. ಅಂಗಡಿಯವನು ಗಮನಿಸಲಿಲ್ಲ. ಅವನ ಕೆಲಸ ಮೆಷಿನ್ನು ಉಗುಳಿದ್ದನ್ನು ಹರಿದು ಕೊಡುವುದೇ ಹೊರತು, ಉಗುಳದೆ ಉಳಿಸಿಕೊಂಡದ್ದೇನು ಎಂದು ವಿಚಾರಿಸುವುದಲ್ಲ. ಕಾಗದ ಸುರುಳಿಯಾಗಿ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು, ಒಂಬತ್ತು ಗಂಟೆ ಬಸ್ಸಿನ ಕಂಡಕ್ಟರನ ಕಂಕುಳಲ್ಲಿ ಕೂತು ಸೀಗನಹುಂಡಿಗೆ ಬಂದಿಳಿಯಿತು.

ಸೀಗನಹುಂಡಿ ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ರಸ್ತೆಗೆ ಅಂಟಿಕೊಂಡು ಕೂತ ಊರು. ರಸ್ತೆ ಮೂಡಲಿಂದ ಪಡುವಲಿಗೆ ನೆಟ್ಟಗೆ ಹೋಗುತ್ತದೆ. ರಸ್ತೆಗೆ ತೆಂಕಲಲ್ಲಿ, ಅಂದರೆ ದಕ್ಷಿಣಕ್ಕೆ, ನಾಲೆ ನೀರು ಕುಡಿಯುವ ಭತ್ತದ ಗದ್ದೆಗಳು. ಬಡಗಲಲ್ಲಿ, ಅಂದರೆ ಉತ್ತರಕ್ಕೆ, ಮಳೆ ಬಂದರೆ ಹುರುಳಿ, ಬಾರದಿದ್ದರೆ ಬರೀ ಕಲ್ಲು. ಊರಿನ ಭೂಗೋಳವೆಂದರೆ ಇಷ್ಟೇ. ಇಷ್ಟನ್ನೂ ಒಂದು ದಿನದ ಮಟ್ಟಿಗೆ ನೆನಪಿಟ್ಟುಕೊಳ್ಳಲು ಆ ಊರಿನ ದೊಡ್ಡವರಿಂದ ಆಗಲಿಲ್ಲ.

ಕಾಗದ ಬಂದದ್ದು ಗ್ರಾಮ ಪಂಚಾಯಿತಿ ಅಧ್ಯಕ್ಷ ದೊಡ್ಡಸಿದ್ದಯ್ಯನವರ ಹೆಸರಿಗೆ. ಅವರು ಕನ್ನಡಕ ಏರಿಸಿಕೊಂಡು ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಎತ್ತು ಕೊಳ್ಳುವವನು ಹಲ್ಲು ಎಣಿಸುವ ಹಾಗೆ ಬಗ್ಗಿ ನೋಡಿದರು. ಏನೊಂದೂ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳಲು ಅವರೇನು ಸಾಮಾನ್ಯ ಮನುಷ್ಯರೆ? ಆರನೇ ವರ್ಷ ನಡೆಯುತ್ತಿದ್ದ ಅಧ್ಯಕ್ಷರು.

“ಪ್ಲಾನು ಬಂತು ಕಣ್ರಪ್ಪೋ,” ಎಂದು ಪಂಚಾಯಿತಿ ಜಗುಲಿಯ ಮೇಲಿದ್ದವರಿಗೆಲ್ಲ ಸಾರಿದರು. “ಬೆಂಗ್ಳೂರ್ ಕಂಪನಿಯೋರ್ದು. ಉದ್ಯೋಗ ವಿಹಾರ ಅಂತ ಎಸ್ರು. ಅರ್ದ ಫ್ಯಾಕ್ಟ್ರಿ, ಅರ್ದ ಮಜ. ಈ ಕಡೀಕೆ ಬಟ್ಟೆ ಒಲಿಯೋ ಗಾರ್ಮೆಂಟ್ಸು, ಆ ಕಡೀಕೆ ದೋಣಿ, ಈಜುಕೊಳ, ಜಾರುಬಂಡೆ, ಕಾಟೇಜು. ಮನೆಗೊಂದ್ ಕೆಲ್ಸ ಅಂತ ಫೋನಲ್ಲೇ ಯೋಳವ್ರೆ. ಬೆಳಗ್ಗೆ ದುಡಿಯದು, ಸಂಜಿಕೆ ಈಜದು. ಮದ್ಯಾನ ಮೂರಕ್ಕೆ ಆಪೀಸರು ಬತ್ತಾರೆ, ಸ್ಕೂಲಲ್ಲಿ ಮೀಟಿಂಗು. ಅಷ್ಟೊತ್ಗೆ ಇದ್ನ ಎಲ್ಲಾರ್ಗೂ ಕಾಣಂಗೆ ದೊಡ್ಡದಾಗಿ ಬರೀಬೇಕು. ಕರೀರಿ ಡ್ರಾಯಿಂಗ್ ಮೇಷ್ಟ್ರ.”

ಡ್ರಾಯಿಂಗ್ ಮೇಷ್ಟ್ರು ಎಂದರೆ ಬಸವಪ್ರಸಾದ್. ಸೀಗನಹುಂಡಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಿಳಿ, ಮಾವಿನಕಾಯಿ, ಮಡಕೆ ಬರೆಸುತ್ತಿದ್ದವರು. ಸುತ್ತ ಹತ್ತು ಹಳ್ಳಿಯ ಆಸ್ಪತ್ರೆ ಗೋಡೆಗಳ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನವೆಲ್ಲ ಅವರ ಕೈಚಳಕವೇ. ತಮ್ಮಂಥ ಬುದ್ಧಿವಂತ ಈ ಕುರಿಮಂದೆಯ ನಡುವೆ ಹುಟ್ಟಿದ್ದು ದೇವರ ಲೆಕ್ಕಾಚಾರದ ತಪ್ಪು ಎಂಬುದು ಅವರ ಗಟ್ಟಿ ನಂಬಿಕೆ. ದೇವರನ್ನು ಬಿಟ್ಟರೆ ಆ ಅಭಿಪ್ರಾಯ ಊರಿನಲ್ಲಿ ಇನ್ನು ಯಾರಿಗೂ ಗೊತ್ತಿರಲಿಲ್ಲ.

ಅಧ್ಯಕ್ಷರು ಕರೆದರೆಂದ ಕೂಡಲೆ ಮೇಷ್ಟ್ರು ಎಂಟನೇ ತರಗತಿಗೆ “ಮಡಕೆ ಬರೀರಿ, ನೆರಳು ಸಮೇತ” ಎಂದು ಹೇಳಿ ಹೊರಟರು. ಅಷ್ಟು ದೊಡ್ಡ ಕಾಗದ ಶಾಲೆಯಲ್ಲೂ ಇರಲಿಲ್ಲ, ಪಂಚಾಯಿತಿಯಲ್ಲೂ ಇರಲಿಲ್ಲ. ಹಾಗಾಗಿ ಮನೆಗೆ ಹೋಗಿ, ಹೆಂಡತಿ ರುದ್ರಾಣಿ ಬನ್ನೂರಿನ ಸಂತೆಯಲ್ಲಿ ಕೊಂಡು ಒಂದು ಸಲವೂ ಹಾಸದೆ ಎತ್ತಿಟ್ಟಿದ್ದ ಬಿಳಿ ಬೆಡ್‌ಶೀಟನ್ನು ಬೀರುವಿನಿಂದ ಎಳೆದರು.

“ಏನೂಂದ್ರೆ, ಅದು ನನ್ನ ತಂಗಿ ಬಂದ್ರೆ ಹಾಸೋಕ್ಕೆ ಇಟ್ಟಿದ್ದು!”

“ನಿನ್ನ ತಂಗಿ ಒಂದು ರಾತ್ರಿ ಮಲಗ್ತಾಳೆ. ಇದರ ಮೇಲೆ ಊರಿನ ಭವಿಷ್ಯ ಮಲಗುತ್ತೆ. ಸುಮ್ನಿರು.”

ನಡುಮನೆಯಲ್ಲಿ ಬೆಡ್‌ಶೀಟ್ ಹಾಸಿ, ನಾಲ್ಕು ಮೂಲೆಗೆ ಅಳತೆಯ ಸೇರು, ಪಾವು ಇಟ್ಟು, ಮೇಷ್ಟ್ರು ಮಂಡಿಯೂರಿ ಕೂತರು. ಫ್ಯಾಕ್ಸಿನಲ್ಲಿ ಕೆಳಗಡೆ ಉದ್ದಕ್ಕೆ ರಸ್ತೆ, ರಸ್ತೆಯ ಮೇಲೊಂದು ಕಪ್ಪು ಚುಕ್ಕೆ. ಅದೇ ಬಸ್ ಸ್ಟಾಪು. ಉಳಿದದ್ದೆಲ್ಲ ರಸ್ತೆಯಿಂದ ಮೇಲಕ್ಕೆ: ಫ್ಯಾಕ್ಟರಿಗೆ ಚೌಕ, ದೋಣಿ ಕೊಳಕ್ಕೆ ದುಂಡು, ಗಾಲ್ಫ್ ಮೈದಾನಕ್ಕೆ ಮೊಟ್ಟೆಯಾಕಾರ, ಕಾಟೇಜುಗಳಿಗೆ ಸಾಲು ಚುಕ್ಕೆ. ದಿಕ್ಕು ಎಲ್ಲೂ ಬರೆದಿರಲಿಲ್ಲ. ‘ಬೆಂಗಳೂರಿನವರಿಗೆ ದಿಕ್ಕು ಕೂಡ ಗೊತ್ತಿಲ್ಲ’ ಎಂದು ಮೇಷ್ಟ್ರು ಮೂಗು ಮುರಿದರು. ಭೂಪಟದಲ್ಲಿ ಮೇಲೆ ಉತ್ತರ, ಕೆಳಗೆ ದಕ್ಷಿಣ ಎಂಬುದು ಐದನೇ ತರಗತಿಯ ಮಗುವಿಗೂ ಗೊತ್ತು. ಬೆಡ್‌ಶೀಟಿನ ನಾಲ್ಕೂ ಕಡೆ ದಪ್ಪ ಕುಂಚದಿಂದ, ನೆರಳು ಕೊಟ್ಟು, ದಿಕ್ಕುಗಳ ಹೆಸರು ಬರೆದು ಕಂಪನಿಯ ತಪ್ಪನ್ನು ತಿದ್ದಿದರು.

ಬಸ್ ಸ್ಟಾಪಿನ ನೇರಕ್ಕೆ ‘ಮೇನ್ ಗೇಟ್’ ಎಂದು ಬರೆಯುವಾಗ ಅವರ ಕುಂಚ ನಿಂತಿತು. ಬಸ್ ಸ್ಟಾಪಿನ ಉತ್ತರಕ್ಕೆ ಇರುವುದು ರಂಗನಾಯಕನ ಎರಡು ಎಕರೆ. ಕಲ್ಲು, ಕಳ್ಳಿ, ವರ್ಷಕ್ಕೊಂದು ಸಲ ನಾಲ್ಕು ಹಿಡಿ ಹುರುಳಿ. ಆ ಕಲ್ಲಿನ ಮೇಲೆ ಮೇನ್ ಗೇಟು! ಪಕ್ಕದಲ್ಲೇ ಸ್ವಾಗತ ಕಚೇರಿ, ಹಿಂದೆ ಕಾರಂಜಿ! ರಸ್ತೆಯ ಈ ಕಡೆ, ಸರಿಯಾಗಿ ಅದರ ಎದುರಿಗೆ ಮೇಷ್ಟ್ರ ಸ್ವಂತ ಎರಡು ಎಕರೆ ಗದ್ದೆ. ವರ್ಷಕ್ಕೆ ಎರಡು ಬೆಳೆ ಭತ್ತ ಕೊಡುವ ಆ ಗದ್ದೆ ಬೆಡ್‌ಶೀಟಿನ ಕೆಳಗೆ, ನಕ್ಷೆಯ ಹೊರಗೆ, ನೆಲದ ಗಾರೆಯ ಮೇಲೆ ಎಲ್ಲೋ ಬಿದ್ದಿತ್ತು. ಮದುವೆ ಮನೆಯಲ್ಲಿ ಎಲೆಯೇ ಹಾಕದೆ ಎಬ್ಬಿಸಿ ಕಳಿಸಿದ ಹಾಗಾಯಿತು ಮೇಷ್ಟ್ರಿಗೆ.

ಐದು ನಿಮಿಷ ಕುಂಚ ಕಚ್ಚಿಕೊಂಡು ಕೂತರು. ಆಮೇಲೆ ಎದ್ದು ಶರ್ಟು ಹಾಕಿಕೊಂಡರು.

“ಎಲ್ಲಿಗೆ?” ಎಂದರು ರುದ್ರಾಣಿ.

“ರಂಗನಾಯಕನ ಹತ್ತಿರ. ನಮ್ಮ ಗದ್ದೆ ಅವನಿಗೆ ಕೊಟ್ಟು ಅವನ ಹೊಲ ನಾವು ತಗೊಳ್ಳೋದು.”

“ನಾಲೆ ನೀರಿನ ಗದ್ದೆ ಕೊಟ್ಟು ಕಲ್ಲುಗುಡ್ಡೆ ತಗೋತೀರಾ? ಜ್ವರ ಏನಾದ್ರೂ ಬಂದಿದ್ಯಾ?”

“ನಿನಗೆ ಪ್ಲಾನಿಂಗು ಅಂದ್ರೆ ಏನು ಗೊತ್ತು? ಭತ್ತ ಬೆಳೆಯೋದು ರೈತ. ಗೇಟು ಬೆಳೆಯೋದು ಬುದ್ಧಿವಂತ.”

ರಂಗನಾಯಕ ಹಟ್ಟಿಯ ಮುಂದೆ ಕೂತು ಎತ್ತಿನ ಮೂಗುದಾರ ಹೊಸೆಯುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಮಾತು ಕಡಿಮೆ. ಯಾರು ಏನು ಕೇಳಿದರೂ ಮೊದಲು ತಲೆ ಕೆರೆದುಕೊಳ್ಳುವ ಅಭ್ಯಾಸವಿದ್ದುದರಿಂದ ಊರಿನವರು ಅವನನ್ನು ಪೆದ್ದರ ಪಟ್ಟಿಯಲ್ಲಿ ಬಹಳ ಹಿಂದೆಯೇ ಸೇರಿಸಿದ್ದರು.

“ರಂಗನಾಯಕ, ನಿನ್ನಿಂದ ಒಂದು ಉಪಕಾರ ಆಗಬೇಕಲ್ಲಯ್ಯ,” ಎಂದು ಮೇಷ್ಟ್ರು ಜಗುಲಿಯ ಅಂಚಿನಲ್ಲಿ ಕೂತರು. “ನನಗೆ ಉಬ್ಬಸ. ಡಾಕ್ಟರು ಗದ್ದೆ ತೇವಕ್ಕೆ ಕಾಲಿಡಬೇಡಿ ಅಂದಿದ್ದಾರೆ. ಒಣ ನೆಲ ನೋಡ್ಕೊಳ್ಳಿ ಅಂದ್ರು. ನನ್ನ ಗದ್ದೆ ನೀನು ತಗೋ, ನಿನ್ನ ಹೊಲ ನನಗೆ ಕೊಡು.”

ರಂಗನಾಯಕ ತಲೆ ಕೆರೆದುಕೊಂಡ. “ಅಲ್ಲ ಸಾ, ಕಂಪನಿ ನಕ್ಸೆ ಬಂದದಂತೆ. ನೀವೇ ಬರೀತಾ ಇದ್ದೀರಂತೆ.”

“ಹೌದು. ಅದಕ್ಕೂ ಇದಕ್ಕೂ ಏನು?”

“ನನ್ ವಲ ಅದ್ರೊಳಗೆ ಅದಾ ಸಾ?”

ಮೇಷ್ಟ್ರು ಕೆಮ್ಮಿದರು. ಉಬ್ಬಸ ಸಮಯಕ್ಕೆ ಸರಿಯಾಗಿ ಒದಗಿತು. “ನಕ್ಷೆ ಅಂದ್ರೆ ಏನೇನೋ ಗೆರೆ ಇರುತ್ತೆ ಕಣಯ್ಯ. ಒಳಗೆ, ಹೊರಗೆ... ನಿನಗೆ ಅದೆಲ್ಲ ಅರ್ಥ ಆಗಲ್ಲ.”

“ಅಂಗಂದ್ರೆ ಅದೆ ಅನ್ನಿ,” ಎಂದ ರಂಗನಾಯಕ. ಹೊಸೆಯುತ್ತಿದ್ದ ದಾರವನ್ನು ಪಕ್ಕಕ್ಕಿಟ್ಟ. ಮತ್ತೆ ತಲೆ ಕೆರೆದುಕೊಂಡ. “ನಿಮ್ ಉಸ್ರಿಗಿಂತ ನನ್ ಕಲ್ಲೊಲ ದೊಡ್ಡದಾ ಸಾ? ಆಯ್ತು ಬುಡಿ. ಯಾವತ್ತು ಬರ್ಸದು?”

“ಈಗಲೇ!” ಎಂದರು ಮೇಷ್ಟ್ರು, ಉಬ್ಬಸ ಮರೆತು.

ಊರಿನಲ್ಲಿ ಪತ್ರ ಬರೆಯುವವನು ಗೋವಿಂದಯ್ಯ. ಅವನ ಟ್ರಂಕಿನಲ್ಲಿ ಹಳೆಯ ತಾರೀಕಿನ ಛಾಪಾ ಕಾಗದಗಳೂ ಹೊಸ ತಾರೀಕಿನ ಜಗಳಗಳೂ ಯಾವಾಗಲೂ ಸಿದ್ಧ. ಹನ್ನೊಂದು ಗಂಟೆಗೆ ಕೂತವನು ಹನ್ನೊಂದೂಕಾಲಿಗೆ ವಿನಿಮಯದ ಕರಾರು ಬರೆದು ಮುಗಿಸಿದ. ಮೇಷ್ಟ್ರು ಸಹಿಯ ಕೆಳಗೆ ಎರಡು ಗೆರೆ ಎಳೆದರು. ರಂಗನಾಯಕ ಹೆಬ್ಬೆಟ್ಟೊತ್ತಿ, ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಂಡ. ‘ಪಾಪ, ಯಾವ ಮುಂಡಾಮೋಚಿದ ಗಳಿಗೆಯಲ್ಲಿ ಹುಟ್ಟಿದನೋ’ ಎಂದು ಮೇಷ್ಟ್ರು ಮನಸ್ಸಿನಲ್ಲೇ ಮರುಗಿದರು. ಮರುಕದ ನಡುವೆ ನಗು ನುಗ್ಗಿ ಬರುತ್ತಿದ್ದುದರಿಂದ ಬೇಗ ಎದ್ದು ಮನೆಗೆ ಬಂದರು.

ಮನೆ ಮುಂದೆ ಆಗಲೇ ಜನ. ಮೇಷ್ಟ್ರು ಗದ್ದೆ ಕೊಟ್ಟು ಕಲ್ಲು ಕೊಂಡರು ಎಂಬ ಸುದ್ದಿ ಗೋವಿಂದಯ್ಯನ ಪೆನ್ನಿನ ಮಸಿ ಒಣಗುವ ಮುಂಚೆಯೇ ಊರು ಸುತ್ತಿತ್ತು. ಅದರ ಅರ್ಥವೇನೆಂದು ಊರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಡಗಲ ಹೊಲದ ಒಡೆಯರೆಲ್ಲ ನಡುಮನೆಗೇ ನುಗ್ಗಿ ಬೆಡ್‌ಶೀಟಿನ ಸುತ್ತ, ಹಾವು ನೋಡುವವರಂತೆ, ಮುಟ್ಟದೆ ಬಗ್ಗಿ ನಿಂತಿದ್ದರು.

ಮೊದಲು ಬೇಡಿಕೆ ತಂದವರು ಸ್ವತಃ ಅಧ್ಯಕ್ಷರು. ಜೊತೆಗೆ ಆಳಿನ ಹೆಗಲ ಮೇಲೊಂದು ಕುಂಬಳಕಾಯಿ.

“ಮೇಷ್ಟ್ರೇ, ನಮ್ ಪಡುವಲ ತುಂಡು ಈ ಗೆರೆಯಿಂದ ಮೂರಡಿ ಆಚ್ಗೈತಲ್ಲ. ವಸಿ ಎಳೀರಿ.”

“ಅಧ್ಯಕ್ಷರೇ, ಇದು ಕಂಪನಿ ಪ್ಲಾನು. ನಾನು ಹೇಗೆ...”

“ನೀವು ಕಲಾವಿದ್ರು. ಕೈ ವಸಿ ಜಾರ್ತು ಅಂದ್ಕಳಿ.”

ಕೈ ಜಾರಿತು. ಕಾಟೇಜುಗಳ ಸಾಲು ಪಡುವಲಿಗೆ ಉಬ್ಬಿಕೊಂಡು ಅಧ್ಯಕ್ಷರ ತುಂಡನ್ನು ಒಳಗೆ ಎಳೆದುಕೊಂಡಿತು.

ಆಮೇಲೆ ಬಂದವಳು ಬಸ್ ಸ್ಟಾಪಿನಲ್ಲಿ ಟೀ ಬೋಂಡ ಮಾರುವ ಮಂಚಮ್ಮ. ಬಿಸಿ ಬೋಂಡದ ಪೊಟ್ಟಣವನ್ನು ಬೆಡ್‌ಶೀಟಿನ ಮೇಲೇ ಇಟ್ಟಳು. ಎಣ್ಣೆ ಹರಡಿ ಒಂದು ಕಲೆಯಾಯಿತು.

“ನನ್ನಪ್ಪ, ನನ್ ಅಂಗ್ಡಿ ಎಲ್ಲೈತೆ ಇದ್ರಲ್ಲಿ?”

“ನಿನ್ನ ಅಂಗಡಿ ಇಲ್ಲ ಕಣಮ್ಮ. ಇಲ್ಲಿ ಬರೋದು ದೊಡ್ಡ ಹೋಟ್ಲು.”

“ಅದ್ರೊಳಿಕೆ ನನ್ ಒಲೆ ಬರ್ಕೊಳ್ಳಿ.”

ಮೇಷ್ಟ್ರು ಬೋಂಡ ಕಚ್ಚಿ ಯೋಚಿಸಿದರು. ಎಣ್ಣೆಯ ಕಲೆಯ ಸುತ್ತ ಒಂದು ಗೆರೆ ಎಳೆದು ‘ಉಪಾಹಾರ’ ಎಂದು ಬರೆದರು.

ಗೋವಿಂದಯ್ಯ ಪತ್ರ ಬರೆದ ಕೂಲಿ ಬಿಟ್ಟುಕೊಟ್ಟು ತನ್ನ ಅರ್ಧ ಎಕರೆಯನ್ನು ಗಾಲ್ಫ್ ಮೈದಾನಕ್ಕೆ ಸೇರಿಸಿಕೊಂಡ. ಗಾಲ್ಫ್ ಎಂದರೇನು ಎಂದು ಯಾರೋ ಕೇಳಿದರು. “ಚಿನ್ನಿದಾಂಡು ಕಣ್ಲಾ, ಸಾವ್ಕಾರ್ರದು. ದಾಂಡು ಅವ್ರೇ ಒಡೀತಾರೆ, ಚಿನ್ನಿ ತರಕ್ಕೆ ಆಳ್ ಮಡೀಕತಾರೆ,” ಎಂದು ಅವನೇ ವಿವರಿಸಿದ. ಇನ್ನೊಬ್ಬರು ತುಪ್ಪ ತಂದರು. ಮತ್ತೊಬ್ಬರು ಬರೀ ಬೈಗುಳ ತಂದರು, ಅವರಿಗೂ ಹೆದರಿ ಎರಡು ಗುಂಟೆ ಸೇರಿಸಬೇಕಾಯಿತು. ತೆಂಕಲ ಗದ್ದೆಯವರು ಮಾತ್ರ ಹೊಸಿಲಾಚೆ ನಿಂತು, ತಮ್ಮ ಹಣೆಬರಹವನ್ನೂ ಮೇಷ್ಟ್ರ ವಂಶವನ್ನೂ ಸಮಸಮವಾಗಿ ಶಪಿಸುತ್ತಿದ್ದರು.

ಎರಡು ಗಂಟೆಯ ಹೊತ್ತಿಗೆ, ಬೆಳಗ್ಗೆ ಚೌಕವಾಗಿದ್ದ ಯೋಜನೆ ಈಯಲು ಬಂದ ಎಮ್ಮೆಯ ಆಕಾರ ತಾಳಿತ್ತು. ಕುಂಬಳಕಾಯಿ ಒಳಗೆ ಪಲ್ಯವಾಗುತ್ತಿತ್ತು. ರುದ್ರಾಣಿ ಬೆಡ್‌ಶೀಟನ್ನು ನೋಡಿ ಒಂದೇ ಮಾತು ಹೇಳಿದರು: “ಇನ್ನು ಇದನ್ನ ಎಮ್ಮೆಗೇ ಹೊದಿಸಬೇಕು.”

ಮೂರಕ್ಕೆ ಬರಬೇಕಾದ ಜೀಪು ಮೂರೂವರೆಗೆ ಬಂತು. ಇಳಿದವರು ಇಬ್ಬರು. ಒಬ್ಬರು ಭೂಸ್ವಾಧೀನದ ಅಧಿಕಾರಿ ಗಂಗಾಧರಸ್ವಾಮಿ. ನಗುವುದನ್ನು ಸರ್ಕಾರ ಮಂಜೂರು ಮಾಡಿಲ್ಲವೆಂಬಂತೆ ಮುಖ. ಇನ್ನೊಬ್ಬ ಕಂಪನಿಯ ಮ್ಯಾನೇಜರ್. ಆ ಬಿಸಿಲಿನಲ್ಲೂ ಟೈ ಕಟ್ಟಿ, ಉರುಳು ಹಾಕಿಸಿಕೊಂಡ ಕರುವಿನಂತೆ ಕತ್ತು ಅತ್ತಿತ್ತ ತಿರುಗಿಸುತ್ತಿದ್ದ. ಅಧ್ಯಕ್ಷರು ಇಬ್ಬರಿಗೂ ಹಾರ ಹಾಕಿ, ತಮ್ಮ ಕತ್ತಿಗೂ ಒಂದನ್ನು ಹಾಕಿಸಿಕೊಂಡು, ಶಾಲೆಯ ಹಾಲಿಗೆ ಕರೆತಂದರು. ಎದುರಿನ ಗೋಡೆಯ ಮೇಲೆ ಬೆಡ್‌ಶೀಟು.

ಮ್ಯಾನೇಜರ್ ಅದನ್ನು ಸ್ವಲ್ಪ ಹೊತ್ತು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ಏನ್ರೀ ಇದು? ಯಾವ ದೇಶದ ಮ್ಯಾಪು?”

“ನಿಮ್ದೇ ಪ್ಲಾನು ಸಾರ್,” ಎಂದು ಮೇಷ್ಟ್ರು ಕೈಯಲ್ಲಿದ್ದ ಬೆತ್ತದಿಂದ ತೋರಿಸಿದರು. “ಸ್ವಲ್ಪ ಕಲಾತ್ಮಕವಾಗಿ ಬಂದಿದೆ.”

“ಉಬ್ಬು ತಗ್ಗು ಹಾಳಾಗಿಹೋಗ್ಲಿ. ಮೇಲ್ಗಡೆ ಉತ್ತರ ಅಂತ ಯಾರು ಬರೆದಿದ್ದು?”

“ನಾನೇ ಸಾರ್. ನೀವು ಬರೆಯೋದು ಮರೆತಿದ್ರಿ.”

“ಮರ್ತಿಲ್ಲ ಕಣ್ರೀ! ಮೂಲೇಲಿ ಬಾಣದ ಗುರುತು ಹಾಕಿ ದಿಕ್ಕು ತೋರಿಸಿದ್ವಲ್ಲ. ಫ್ಯಾಕ್ಸಲ್ಲಿ ಬರ್ಲಿಲ್ವಾ? ಸೈಟ್ ಪ್ಲಾನ್ ಅಂದ್ರೆ ರೋಡು ಯಾವಾಗ್ಲೂ ಕೆಳಗಡೆ ಇಟ್ಕೊಂಡು ಬರೀತಾರೆ, ಗೇಟಿಂದ ಒಳಗೆ ನೋಡೋ ಹಾಗೆ. ಇಲ್ಲಿ ಮೇಲ್ಗಡೆ ಇರೋದು ದಕ್ಷಿಣ. ಆ ಕಲ್ಲು ತಗೊಂಡು ನಾವೇನ್ ಮಾಡೋಣ? ದೋಣಿ ಬಿಡೋಕೆ ನೀರು ಬೇಡ್ವಾ? ನಮ್ಮ ಪ್ರಾಜೆಕ್ಟ್ ಇರೋದು ನಾಲೆ ಕಡೆ. ತಿರುಗಿಸ್ರೀ ಅದನ್ನ!”

ಇಬ್ಬರು ಬೆಂಚು ಹತ್ತಿ ಬೆಡ್‌ಶೀಟ್ ಬಿಚ್ಚಿ ತಲೆಕೆಳಗಾಗಿ ಕಟ್ಟಿದರು. ಮೇಷ್ಟ್ರು ನೆರಳು ಕೊಟ್ಟು ಬರೆದ ಅಕ್ಷರಗಳೆಲ್ಲ ಬಾವಲಿಗಳಂತೆ ನೇತಾಡಿದವು. ಮರುಗಳಿಗೆ ತೆಂಕಲ ಗದ್ದೆಯವರು ಸಿಳ್ಳೆ ಹೊಡೆದರು.

“ಲೇ ಮೇಷ್ಟ್ರೇ!” ಎಂದು ಅಧ್ಯಕ್ಷರು ಅಧ್ಯಕ್ಷ ಸ್ಥಾನದಿಂದಲೇ ಕಿರುಚಿದರು. “ನನ್ ಕುಂಬ್ಳಕಾಯಿ ಕೊಡ್ರೀ!”

“ಪಲ್ಯ ಆಗಿದೆ ಅಧ್ಯಕ್ಷರೇ.”

“ನನ್ ಬೋಂಡ ಕಕ್ರೀ!” ಎಂದಳು ಮಂಚಮ್ಮ.

ಅದೊಂದೂ ಮೇಷ್ಟ್ರ ಕಿವಿಗೆ ಬೀಳಲಿಲ್ಲ. ಅವರ ಕಣ್ಣು ತಲೆಕೆಳಗಾದ ‘ಮೇನ್ ಗೇಟ್’ ಮೇಲೆ ನಟ್ಟಿತ್ತು. ಬಸ್ ಸ್ಟಾಪಿನ ದಕ್ಷಿಣಕ್ಕೆ, ನೇರ, ಅವರ ಎರಡು ಎಕರೆ. ಅವರದಲ್ಲ. ಇವತ್ತು ಬೆಳಗ್ಗೆ ಹನ್ನೊಂದೂಕಾಲಿನಿಂದ ರಂಗನಾಯಕನದು. ಕಾಲಿನ ಕೆಳಗೆ ಶಾಲೆಯ ಹಾಲೂ ತಲೆಕೆಳಗಾದಂತಾಗಿ ಅವರು ಕಿಟಕಿಯ ಸರಳು ಹಿಡಿದುಕೊಂಡರು.

ಅಷ್ಟರಲ್ಲಿ ಗಂಗಾಧರಸ್ವಾಮಿ ಮೇಜು ಕುಟ್ಟಿ ದಪ್ಪನೆಯ ಪುಸ್ತಕವೊಂದನ್ನು ಬಿಡಿಸಿದರು. “ಗಲಾಟೆ ಬೇಡ. ಯೋಜನೆಗೆ ಬರೋ ಸರ್ವೆ ನಂಬರುಗಳನ್ನ ಓದ್ತೀನಿ. ಜಮೀನು ಇವತ್ತು ಯಾರ ಸ್ವಾಧೀನದಲ್ಲಿದೆಯೋ ಅವರು ಎದ್ದು ಹೇಳಿ ಸಹಿ ಹಾಕಬೇಕು. ಕೊಟ್ಟಿದ್ದು ತಗೊಂಡಿದ್ದು ಏನೇ ಇದ್ರೂ ಈಗಲೇ ಹೇಳಿ. ಈ ಪುಸ್ತಕ ಮುಚ್ಚಿದ ಮೇಲೆ ಹೆಸರು ಬದಲಾಗಲ್ಲ.”

“ಷರತ್ತು ಏನು ಸಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಮೊದಲು ಸಹಿ. ಆಮೇಲೆ ಓದ್ತೀನಿ. ಅದು ಕ್ರಮ.”

ಸರ್ಕಾರದ ಕ್ರಮದ ಮುಂದೆ ಮಾತುಂಟೆ? ತೆಂಕಲದವರು ಹಬ್ಬದ ಸಡಗರದಲ್ಲಿ ಒಬ್ಬೊಬ್ಬರೇ ಎದ್ದು ಸಹಿ ಹಾಕತೊಡಗಿದರು. ನಲವತ್ತೊಂದು. ನಲವತ್ತೆರಡು. ಮೇಷ್ಟ್ರ ಗದ್ದೆಯದು ನಲವತ್ತೇಳು.

ಮೇಷ್ಟ್ರು ಬಾಗಿಲ ಬಳಿ ಕಂಬಕ್ಕೊರಗಿ ಕೂತಿದ್ದ ರಂಗನಾಯಕನ ರಟ್ಟೆ ಹಿಡಿದು, ಹೆಚ್ಚುಕಡಿಮೆ ಎಳೆದುಕೊಂಡೇ, ಹಾಲಿನ ಹಿಂಭಾಗದ ನಲ್ಲಿಯ ಹತ್ತಿರ ತಂದರು.

“ರಂಗನಾಯಕ, ಆ ಕರಾರು ಹರಿದು ಹಾಕೋಣ. ನನ್ನ ಗದ್ದೆ ನನಗೆ ಕೊಟ್ಬಿಡು, ನಿನ್ನ ಹೊಲ ನೀನಿಟ್ಕೋ.”

ರಂಗನಾಯಕ ತಲೆ ಕೆರೆದುಕೊಂಡ. “ಅದೆಂಗ್ ಸಾ ಆದದು? ನಿಮ್ಗೆ ಉಬ್ಬಸ.”

“ಉಬ್ಬಸ ವಾಸಿಯಾಯ್ತು!”

“ಇಸ್ಟ್ ಬಿರ್ನೆಯಾ?”

“ನಲವತ್ಮೂರು!” ಎಂದು ಒಳಗಿನಿಂದ ಕೇಳಿಸಿತು.

“ರಂಗನಾಯಕ, ಕೈ ಮುಗೀತೀನಿ. ಅದು ನಮ್ಮಪ್ಪ ಮಾಡಿದ ಗದ್ದೆ ಕಣಯ್ಯ. ಅದರ ಮೇಲೆ ನನಗೆ ಪ್ರಾಣ.”

“ಬೆಳಗ್ಗೆ ಪ್ರಾಣ ಇರ್ಲಿಲ್ವಾ ಸಾ?” ಅವನು ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳುವವನಂತೆ ಕೇಳಿದ. “ನಾನು ಎಬ್ಬೆಟ್ ಒತ್ತಿವ್ನಿ. ಕೊಟ್ಟ ಮಾತ್ಗೆ ತಪ್ಪುದ್ರೆ ಜನ ಏನಂದಾರು?”

“ಏನು ಬೇಕು ಕೇಳು. ಕೊಡ್ತೀನಿ.”

“ನಲವತ್ನಾಲ್ಕು!”

ರಂಗನಾಯಕನ ನೋಟ ಮೆಲ್ಲಗೆ ಬೇವಿನ ಮರದ ಕೆಳಕ್ಕೆ ಹೋಯಿತು. ಅಲ್ಲಿ ಮೇಷ್ಟ್ರ ಲೂನಾ ಮೊಪೆಡ್ಡು ನಿಂತಿತ್ತು. ಭಾನುವಾರ ಭಾನುವಾರ ಸ್ವತಃ ಒರೆಸಿ, ಸರಪಣಿಗೆ ಎಣ್ಣೆ ಬಿಟ್ಟು, ಮಳೆ ಬಂದರೆ ತಾವು ನೆನೆದು ಅದಕ್ಕೆ ಗೋಣಿ ಹೊದಿಸುತ್ತಿದ್ದ ಲೂನಾ.

“ನಿಮ್ ಗಾಡಿ ಲಕ್ಸಣವಾಗದೆ ಸಾ.”

ಮೇಷ್ಟ್ರು ಒಂದು ಸಲ ಲೂನಾವನ್ನು ನೋಡಿದರು, ಒಂದು ಸಲ ಹಾಲಿನ ಕಿಟಕಿಯನ್ನು ನೋಡಿದರು. “ನಲವತ್ತೈದು!” ಎಂಬ ಕೂಗು ಬಂತು. ಜೇಬಿನಿಂದ ಬೀಗದ ಕೈ ತೆಗೆದು ರಂಗನಾಯಕನ ಅಂಗೈಗೆ ಒತ್ತಿದರು. ಒತ್ತುವಾಗ ಅವರ ಕಣ್ಣಲ್ಲಿ ನೀರಾಡಿದ್ದು ಸುಳ್ಳಲ್ಲ. ರಂಗನಾಯಕ ಅಂಗಿಯ ಒಳಜೇಬಿನಿಂದ ಛಾಪಾ ಕಾಗದ ತೆಗೆದು ಎರಡು ಮಾಡಿದ, ನಾಲ್ಕು ಮಾಡಿದ, ಎಂಟು ಮಾಡಿ ನಲ್ಲಿಯ ನೀರಿಗೆ ಹಿಡಿದು ಮುದ್ದೆ ಕಟ್ಟಿ ಬಿಸಾಕಿದ. ಪೆದ್ದನಾದರೂ ಕೆಲಸ ಅಚ್ಚುಕಟ್ಟು ಎಂದುಕೊಂಡು ಮೇಷ್ಟ್ರು ಒಳಕ್ಕೆ ಓಡಿದರು.

“ಸರ್ವೆ ನಂಬರ್ ನಲವತ್ತೇಳು. ಎರಡು ಎಕರೆ. ಯಾರದ್ದು?”

“ನಂದು ಸಾರ್! ನಂದೇ!” ಮೇಷ್ಟ್ರು ಇಬ್ಬರನ್ನು ತುಳಿದು, ಒಂದು ಬೆಂಚು ಉರುಳಿಸಿ, ಮೇಜು ಮುಟ್ಟಿದರು.

“ಯಾರಿಗಾದ್ರೂ ತಕರಾರು ಇದೆಯೇ?”

ಗೋವಿಂದಯ್ಯ ಏನೋ ಹೇಳಲು ಬಾಯಿ ತೆರೆದ. ಬಾಗಿಲಲ್ಲಿ ನಿಂತಿದ್ದ ರಂಗನಾಯಕ ಮುಂದಾಗಿ, “ಅದು ಮೇಷ್ಟ್ರುದೇ ಸಾ. ನಂದು ಬಡಗ್ಲದು, ಕಲ್ಲೊಲ,” ಎಂದ. ಮೇಷ್ಟ್ರು ಸಹಿ ಹಾಕಿದರು. ಸಹಿಯ ಕೆಳಗೆ ಎಂದಿನ ಎರಡು ಗೆರೆಯ ಬದಲು ಮೂರು ಎಳೆದರು. ಎದೆ ಉಬ್ಬಿಸಿ ತಿರುಗಿ ನೋಡಿದರೆ, ಕುಂಬಳಕಾಯಿ ಕಳೆದುಕೊಂಡ ಅಧ್ಯಕ್ಷರು ಹೊಟ್ಟೆಯುರಿಯಿಂದ ಹಾರದ ಹೂ ಕೀಳುತ್ತಿದ್ದರು. ಲೂನಾ ಹೋದರೆ ಹೋಗಲಿ, ಕಂಪನಿಯ ದುಡ್ಡಿನಲ್ಲಿ ಕಾರೇ ಬಂದೀತು ಎಂದುಕೊಂಡು ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತರು.

ಗಂಗಾಧರಸ್ವಾಮಿ ಪುಸ್ತಕ ಮುಚ್ಚಿದರು. ನೀರು ಕುಡಿದರು. ಚೀಲದಿಂದ ಇನ್ನೊಂದು ಕಾಗದ ತೆಗೆದು, ಶ್ರಾದ್ಧದ ಮಂತ್ರ ಹೇಳುವ ಧ್ವನಿಯಲ್ಲಿ ಓದಿದರು. ಈಗ ಸಹಿಯಾದ ಜಮೀನುಗಳೆಲ್ಲ ಸರ್ಕಾರದ ಸ್ವಾಧೀನಕ್ಕೆ ಒಳಪಟ್ಟಿವೆ. ಅವನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಮುಂದಿನ ಹಂಗಾಮಿಗೆ ನಾಟಿ ಮಾಡುವಂತಿಲ್ಲ. ಪರಿಹಾರ ಸರ್ಕಾರಿ ದರದಲ್ಲಿ. ಆ ದರ ನಿಗದಿಯಾದದ್ದು ಹತ್ತು ವರ್ಷದ ಹಿಂದೆ. ಹಣ ಅನುದಾನ ಬಿಡುಗಡೆಯಾದ ನಂತರ. ಅನುದಾನ ಯಾವಾಗ ಬಿಡುಗಡೆಯಾದೀತೆಂದು ಕಾಗದದಲ್ಲಿ ಬರೆದಿರಲಿಲ್ಲ.

ಸಿಳ್ಳೆ ಹೊಡೆದಿದ್ದ ಬಾಯಿಗಳು ಹಾಗೆಯೇ ತೆರೆದುಕೊಂಡಿದ್ದವು.

“ಮನೆಗೊಂದು ಕೆಲಸ ಅಂದಿದ್ರಲ್ಲ ಸಾರ್?” ಎಂದರು ಮೇಷ್ಟ್ರು.

“ಇದೆ. ಗಾರ್ಮೆಂಟ್ಸಲ್ಲಿ, ಮನೆಗೊಬ್ಬರಿಗೆ. ಸರ್ಕಾರಿ ನೌಕರರ ಕುಟುಂಬಕ್ಕೆ ಅನ್ವಯಿಸೋದಿಲ್ಲ. ನೀವು ಸರ್ಕಾರಿ ನೌಕರರಲ್ಲವೆ?”

“ಮತ್ತೆ ನಮಗೇನು ಸಾರ್?”

ಗಂಗಾಧರಸ್ವಾಮಿ ಕಾಗದ ತಿರುಗಿಸಿ ನೋಡಿದರು. “ಜಮೀನು ಕೊಟ್ಟ ಪ್ರತಿ ಕುಟುಂಬದ ಒಬ್ಬರಿಗೆ, ವಿಹಾರ ವಿಭಾಗಕ್ಕೆ ಒಂದು ದಿನದ ಉಚಿತ ಪ್ರವೇಶ. ಈಜುಡುಗೆ ನೀವೇ ತರಬೇಕು.”

ಮ್ಯಾನೇಜರ್ ಟೈ ಸಡಿಲಿಸಿಕೊಂಡು ಎದ್ದ. ಅವನಿಗೆ ಬೇಗ ಬೆಂಗಳೂರು ಸೇರಬೇಕಿತ್ತು. “ಇನ್ನೊಂದು ವಿಷಯ. ಗೇಟ್ ಎದುರಿಗೆ, ರೋಡ್ ಆ ಕಡೆ ಇರೋ ಖಾಲಿ ಜಾಗ ಯಾರದ್ರೀ? ನಮ್ಮ ಬಸ್ಸು, ಕಾರು ನಿಲ್ಸೋಕೆ, ಸಾಮಾನು ಇಡೋಕೆ ಬೇಕು. ಅದು ಸ್ವಾಧೀನಕ್ಕೆ ಬರಲ್ಲ. ಕಂಪನಿನೇ ತಿಂಗಳು ತಿಂಗಳು ಬಾಡಿಗೆ ಕೊಡುತ್ತೆ, ಮುಂಗಡ ಬೇಕಾದ್ರೆ ಇವತ್ತೇ. ನೆಲ ಗಟ್ಟಿ ಇರಬೇಕು ಅಷ್ಟೆ. ಕಲ್ಲಿದ್ರೆ ಇನ್ನೂ ಒಳ್ಳೇದು.”

ಬಾಗಿಲಲ್ಲಿ ನಿಂತಿದ್ದ ರಂಗನಾಯಕ ತಲೆ ಕೆರೆದುಕೊಂಡ.

ಸಭೆ ಮುಗಿದು, ಜೀಪು ಧೂಳೆಬ್ಬಿಸಿ ಹೋದ ಮೇಲೆ, ಮೇಷ್ಟ್ರು ಬೇವಿನ ಮರದ ಕೆಳಗೆ ಬಂದರು. ರಂಗನಾಯಕ ಲೂನಾದ ಮೇಲೆ ಕೂತು, ಪೆಡಲಿನ ಮೇಲೆ ಒಂದು ಕಾಲಿಟ್ಟು ಅದರ ಗುಣ ಪರೀಕ್ಷೆ ಮಾಡುತ್ತಿದ್ದ. ಅಂಗಿಯ ಒಳಜೇಬು ಕಂಪನಿಯ ಮುಂಗಡದಿಂದ ಉಬ್ಬಿತ್ತು.

“ಲೋ ರಂಗನಾಯಕ,” ಎಂದರು ಮೇಷ್ಟ್ರು. ಧ್ವನಿಯಲ್ಲಿ ಸಿಟ್ಟು ತರಲು ನೋಡಿದರು, ಬರೀ ಉಬ್ಬಸ ಬಂತು. “ನಕ್ಷೆಯೊಳಗೆ ಸಿಕ್ಕಿಹಾಕಿಕೊಂಡ್ರೆ ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತೇನೋ?”

“ಗೊತ್ತಿಲ್ದೆ ಏನ್ ಸಾ? ನಾಲೆ ತೋಡಾಗ ನಮ್ಮಪ್ಪನ್ದು ನಾಕೆಕ್ರೆ ನಕ್ಸೆ ಒಳಗಿತ್ತು. ನಮ್ಮಪ್ಪನೂ ಇಂಗೇ ಕುಣುದ್ಬುಟ್ಟ. ಆಮೇಲೆ ದುಡ್ಡು ಅಂತ ಮೈಸೂರಿನ ಆಪೀಸ್ಗೆ ಅನ್ನೆಲ್ಡು ವರ್ಸ ನಡುದ. ಸಾಯಾಗ ನನ್ ಕರ್ದು, ಮಗ, ನಕ್ಸೆ ಬಂದ್ರೆ ಗೆರೆಯಿಂದ ಆಚೆ ನಿಂತ್ಕೋ ಅಂದ.”

“ಮತ್ತೆ ಬೆಳಗ್ಗೆ ನನಗೆ ಯಾಕೆ ಹೇಳ್ಲಿಲ್ಲ?”

“ನನ್ ವಲ ನಕ್ಸೇಲಿ ಅದಾ ಅಂತ ಕೇಳುದ್ನಲ್ಲ ಸಾ. ನಿನ್ಗೆ ಅರ್ತ ಆಗಾಕಿಲ್ಲ ಅಂದ್ರಿ.” ಅವನ ಮುಖದಲ್ಲಿ ಅಣಕವೇನೂ ಇರಲಿಲ್ಲ. “ಗೆರೆ ಒಳ್ಗಿದ್ದೋನ ಬೆಳಗ್ಗೆ ಒಂದ್ ಸಲ ಆಚ್ಗೆ ಎಳುದ್ರಿ. ನಕ್ಸೆ ತಿರುಗ್ಬುಡ್ತು, ಅಯ್ಯೋ ಕೆಟ್ಟೆ ಅಂದ್ಕಂಡೆ. ಓಡ್ಬಂದು ಇನ್ನೊಂದ್ ಸಲ ಎಳುದ್ರಿ. ನನ್ ಒಡುಟ್ಟಿದೋರೂ ಇಂಗ್ ಮಾಡ್ನಿಲ್ಲ ಸಾ.”

ರಂಗನಾಯಕ ಪೆಡಲು ತುಳಿದ. ಲೂನಾ ಕೆಮ್ಮಿತು, ಹತ್ತಲಿಲ್ಲ. ಇನ್ನೊಮ್ಮೆ ತುಳಿದ. ಶಾಲೆಯ ಜಗುಲಿಯಲ್ಲಿ ಅಧ್ಯಕ್ಷರು, ಮಂಚಮ್ಮ, ಗೋವಿಂದಯ್ಯ ಎಲ್ಲರೂ ಸಾಲಾಗಿ ನಿಂತು ನೋಡುತ್ತಿದ್ದರು.

“ಸಾ,” ಎಂದ ರಂಗನಾಯಕ ಬಹಳ ವಿನಯದಿಂದ, “ಇದ್ರ ಬುದ್ದಿ ನಿಮ್ಗೇ ಗೊತ್ತು. ರಸ್ತೆಗಂಟ ವಸಿ ತಳ್ಳಿ.”

ಮೇಷ್ಟ್ರು ಅತ್ತಿತ್ತ ನೋಡಿದರು. ಪಂಚೆ ಮೇಲೆತ್ತಿ ಕಟ್ಟಿಕೊಂಡು ತಳ್ಳಿದರು.